ಸ್ವಂತ ಜಾಲತಾಣಗಳ ಚಳವಳಿಯಲ್ಲಿ ನಾವು ಓದುಗರು ಮಾತ್ರವೇ?

ತುಂಗಾತೀರ (ಅಕ್ಟೋಬರ್ 5)

ಬಳಗದ ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹನ್ನೊಂದನೆಯ ವಯಸ್ಸಿನಲ್ಲಿ ನನಗೆ ದೃಷ್ಟಿ ಹೋಯಿತು. ಅಂದಿನಿಂದ ಓದು, ಬರಹ ಎಲ್ಲವೂ ಕಿವಿ ಮತ್ತು ಬೆರಳುಗಳಿಂದಲೇ ನಡೆದಿದೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರನ್ನೂ, ಅಂದರೆ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶವನ್ನೂ, ಮೊಬೈಲಿನಲ್ಲಿ ಅಂಥದ್ದೇ ಆದ ಟಾಕ್‌ಬ್ಯಾಕನ್ನೂ ಬಳಸುತ್ತೇನೆ.

ಹತ್ತು ವರ್ಷಗಳಿಂದ ಸಾಮಾಜಿಕ ಜಾಲತಾಣದಲ್ಲಿ ಬರೆದ ಸ್ಥಳೀಯ ಇತಿಹಾಸದ ಟಿಪ್ಪಣಿಗಳನ್ನು ಒಟ್ಟುಮಾಡಿ ನನ್ನದೇ ತಾಣದಲ್ಲಿ ಇಡಬೇಕೆಂಬ ಆಸೆಯಿಂದ ಈ ಸಲದ ದಸರಾ ರಜೆಯನ್ನು ಅದಕ್ಕೇ ಮೀಸಲಿಟ್ಟೆ. 2011ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಇಂಡಿವೆಬ್ ಎಂಬ ಸ್ವಂತ ತಾಣಗಳ ಚಳವಳಿಯ ಮೊದಲ ಸಮಾವೇಶ, ಇಂಡಿವೆಬ್‌ಕ್ಯಾಂಪ್, ನಡೆದಂದಿನಿಂದ ಈ ಚಳವಳಿಯವರು ಹೇಳುತ್ತ ಬಂದಿರುವ ಮಾತು ನನ್ನ ಮನಸ್ಸಿಗೆ ಹಿಡಿಸಿದೆ: ಬರಹ ಮೊದಲು ನಿಮ್ಮ ಸ್ವಂತ ಡೊಮೈನಿನಲ್ಲಿ, ಅಂದರೆ ನಿಮ್ಮದೇ ಜಾಲವಿಳಾಸದಲ್ಲಿ, ಪ್ರಕಟವಾಗಲಿ, ಆಮೇಲೆ ಬೇಕಾದರೆ ಅದರ ಪ್ರತಿ ಬೇರೆ ಕಡೆಗಳಿಗೆ ಹೋಗಲಿ. 2009ರಲ್ಲಿ ಯಾಹೂ ಸಂಸ್ಥೆ ಜಿಯೋಸಿಟೀಸ್ ಎಂಬ ಉಚಿತ ಪುಟಗಳ ಸೇವೆಯನ್ನು ಮುಚ್ಚಿದಾಗ ಜನರು ವರ್ಷಗಟ್ಟಲೆ ಕಟ್ಟಿಕೊಂಡಿದ್ದ ಪುಟಗಳು ಏನಾದವೆಂಬುದನ್ನು ಬಲ್ಲವರಿಗೆ ಈ ಮಾತಿನ ಬೆಲೆ ಗೊತ್ತು.

ಮನೆ ಕಟ್ಟುವ ಮೊದಲು ನಾಲ್ಕು ಮನೆ ನೋಡಿ ಬರೋಣವೆಂದು ಕನ್ನಡಿಗರ ಸ್ವಂತ ತಾಣಗಳನ್ನು ಒಂದೊಂದಾಗಿ ತೆರೆದು ಕೇಳಿದೆ. ಒಂದರಲ್ಲಿ ಕರ್ನಾಟಕ ಏಕೀಕರಣದ ಬಗ್ಗೆ ದೀರ್ಘ ಲೇಖನವಿತ್ತು. ಮೊದಲ ಪ್ಯಾರಾವನ್ನು ಓದಿಸಿದಾಗ ಏನೂ ಕೇಳಿಸಲಿಲ್ಲ. ಮುಂದಿನದಕ್ಕೆ ಹೋದಾಗ ಇಂಗ್ಲಿಷ್ ದನಿಯೊಂದು 'ನೈಂಟೀನ್ ಫಿಫ್ಟಿ ಸಿಕ್ಸ್' ಎಂದಿತು. ಕೆಳಗೆಲ್ಲೋ 'ನೈಂಟೀನ್ ಸೆವೆಂಟಿ ತ್ರೀ' ಎಂದು ಸುಮ್ಮನಾಯಿತು. ನಡುವಿನ ಹದಿನೇಳು ವರ್ಷಗಳ ಕಥೆ ನನಗೆ ಸಿಗಲೇ ಇಲ್ಲ. ಆ ಪುಟ ತನ್ನ ಭಾಷೆ ಇಂಗ್ಲಿಷ್ ಎಂದು ಒಳಗಿನ ಸಂಕೇತದಲ್ಲಿ (ಕೋಡಿನಲ್ಲಿ) ಘೋಷಿಸಿಕೊಂಡಿತ್ತು; ಅದನ್ನು ನಂಬಿದ ಸ್ಕ್ರೀನ್ ರೀಡರ್ ಕನ್ನಡದ ದನಿಯನ್ನು ಬಿಟ್ಟು ಇಂಗ್ಲಿಷ್ ದನಿಗೆ ಬದಲಾಯಿತು, ಆ ದನಿಗೆ ಕನ್ನಡದ ಒಂದಕ್ಷರವೂ ಬಾರದು. ಇಂಥ ಪುಟಗಳು ಆಮೇಲೂ ಹಲವು ಸಿಕ್ಕವು.

ಇದು ಓದುವಾಗಿನ ತೊಂದರೆಯಾಯಿತು. ಕಟ್ಟಲು ಕೂತಾಗ ಎದುರಾದದ್ದು ಇನ್ನೂ ದೊಡ್ಡದು. ನಾನು ಆರಿಸಿಕೊಂಡ ಸೇವೆಯಲ್ಲಿ ಪುಟದ ವಿನ್ಯಾಸಗಳನ್ನು ಬರಿಯ ಚಿತ್ರಗಳಲ್ಲಿ ತೋರಿಸಿದ್ದಾರೆ, ಯಾವುದಕ್ಕೂ ವಿವರಣೆಯಿಲ್ಲ. ಬರಹದ ಚೌಕಗಳನ್ನು ಮೌಸಿನಿಂದ ಎಳೆದು ತಂದು ಕೂರಿಸಬೇಕು, ಕೀಲಿಮಣೆಯಿಂದ ಆ ಕೆಲಸ ಆಗುವುದಿಲ್ಲ. ಮೇಲಿನ ಪಟ್ಟಿಯಲ್ಲಿ ಟ್ಯಾಬ್ ಒತ್ತುತ್ತ ಹೋದರೆ 'ಬಟನ್, ಬಟನ್, ಬಟನ್' ಎಂದಷ್ಟೇ ಕೇಳಿಸುತ್ತದೆ; ಯಾವುದು ಉಳಿಸುವ ಗುಂಡಿ, ಯಾವುದು ಅಳಿಸುವ ಗುಂಡಿ ಎಂದು ತಿಳಿಯದೆ ಒಂದು ಸಂಜೆಯ ಬರಹವನ್ನು ಕಳೆದುಕೊಂಡೆ.

ಸುಗಮ್ಯತೆಯ, ಅಂದರೆ ಅಂಗವಿಕಲರೂ ಬಳಸುವಂತೆ ತಾಣಗಳಿರಬೇಕೆಂಬುದರ, ಬಗ್ಗೆ ಈ ಚಳವಳಿಯಲ್ಲಿ ಮಾತು ನಡೆದಾಗಲೆಲ್ಲ ಕುರುಡರನ್ನು ಓದಲು ಬರುವ ಅತಿಥಿಗಳೆಂದೇ ಭಾವಿಸಲಾಗುತ್ತದೆ. ನನಗೆ ಅತಿಥಿಯಾಗಿ ಬರುವುದರ ಜೊತೆಗೆ ಮನೆಯೊಡೆಯನೂ ಆಗಬೇಕಾಗಿದೆ. ಈ ದಾರಿಯಲ್ಲಿ ನಡೆದು ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬಯಲುಸೀಮೆ (ಅಕ್ಟೋಬರ್ 5)

ಸರ್, ನಿಮ್ಮ ಬರಹ ಓದಿ ಮೊದಲು ನನ್ನದೇ ತಾಣದ ಸಂಕೇತವನ್ನು ತೆರೆದು ನೋಡಿದೆ. ಆರು ವರ್ಷಗಳಿಂದ ಕನ್ನಡದಲ್ಲಿ ಬರೆಯುತ್ತಿರುವ ನನ್ನ ಪುಟವೂ ತಾನು ಇಂಗ್ಲಿಷ್ ಎಂದೇ ಹೇಳಿಕೊಂಡಿತ್ತು. ವೆಬ್ ಕೆಲಸವನ್ನೇ ಹೊಟ್ಟೆಪಾಡಿಗೆ ಮಾಡುವ ನನಗೆ ಇದು ಕಣ್ಣಿಗೆ ಬೀಳದೇ ಹೋದದ್ದು ನಾಚಿಕೆಯ ಸಂಗತಿ. ಪುಟದ ಮೊದಲ ಸಾಲಿನಲ್ಲಿ ಭಾಷೆಯನ್ನು ಸೂಚಿಸುವ 'ಲ್ಯಾಂಗ್' ಎಂಬ ಗುಣಕ್ಕೆ 'ಇಎನ್' ಎಂದಿರುವುದನ್ನು 'ಕೆಎನ್' ಎಂದು ಬದಲಿಸಿದರೆ ಮುಗಿಯಿತು, ಎರಡು ಅಕ್ಷರದ ಕೆಲಸ. ಸಿದ್ಧ ವಿನ್ಯಾಸಗಳು ಹೊರಗಿನಿಂದ ಇಂಗ್ಲಿಷ್ ಗುರುತನ್ನು ಹೊತ್ತುಕೊಂಡೇ ಬರುತ್ತವೆ, ನಾವು ಬಣ್ಣ ಬದಲಿಸುತ್ತೇವೆ, ಅಕ್ಷರರೂಪ ಬದಲಿಸುತ್ತೇವೆ, ಇದನ್ನು ಮಾತ್ರ ಮುಟ್ಟುವುದಿಲ್ಲ. ಕನ್ನಡ ಲೇಖನದ ನಡುವೆ ಇಂಗ್ಲಿಷ್ ಉದ್ಧರಣೆ ಬಂದರೆ ಆ ಭಾಗಕ್ಕೆ ಮಾತ್ರ ಬೇರೆ ಗುರುತು ಹಚ್ಚಬಹುದು.

ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ನಮ್ಮ ಅವ್ವನಿಗೆ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೂ ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸದೆ ಓದಲು ಆಗುವುದಿಲ್ಲ. ನನ್ನ ತಾಣವನ್ನು ಆಕೆ ಎಂದೂ ಓದದಿರುವುದಕ್ಕೆ ಆಸಕ್ತಿಯಿಲ್ಲದಿರುವುದೇ ಕಾರಣವೆಂದು ತಿಳಿದಿದ್ದೆ. ಇವತ್ತು ಕೇಳಿದಾಗ, 'ಅದು ಬೆರಳಿಗೆ ಹಿಗ್ಗೂದೇ ಇಲ್ಲಪಾ' ಅಂದಳು. ಮೊಬೈಲಿನಲ್ಲಿ ವಿನ್ಯಾಸ ಕೆಡದಿರಲಿ ಎಂದು ಎಂದೋ ನಾನೇ ಹಿಗ್ಗಿಸುವುದನ್ನು ತಡೆದಿಟ್ಟಿದ್ದೆ. ಆ ಸಾಲನ್ನು ಈಗ ತೆಗೆದುಹಾಕಿದ್ದೇನೆ. ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿದೆ. ಇಂಗ್ಲಿಷಿಗೆ ಹೊಂದುವ ಅಂತರದಲ್ಲಿ 'ರಾಷ್ಟ್ರ', 'ಸ್ತ್ರೀ' ಮುಂತಾದ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಗುಲಿ, ಮಂದದೃಷ್ಟಿಯವರಿಗೆ ಎರಡೂ ಸಾಲು ಕಲಸಿಹೋಗುತ್ತವೆ.

ವೆಬ್ಏಮ್ ಎಂಬ ಸಂಸ್ಥೆ 2019ರಿಂದ ಪ್ರತಿವರ್ಷ ಹತ್ತು ಲಕ್ಷ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸುತ್ತ ಬಂದಿದೆ. 2025ರ ಪರೀಕ್ಷೆಯಲ್ಲಿ 94.8 ಶೇಕಡಾ ಪುಟಗಳಲ್ಲಿ ಸುಗಮ್ಯತೆಯ ದೋಷ ಸಿಕ್ಕಿದೆ, ಎಲ್ಲಕ್ಕಿಂತ ಹೆಚ್ಚು ಕಂಡದ್ದು ಹಿನ್ನೆಲೆಯಲ್ಲಿ ಕರಗಿಹೋಗುವ ಮಸುಕು ಅಕ್ಷರ. ದೊಡ್ಡ ಕಂಪನಿಗಳು ಬದಲಾಗಲು ಸಭೆ ಸೇರಬೇಕು, ಮಂಜೂರಾತಿ ಬೇಕು. ಸ್ವಂತ ತಾಣದವರಿಗೆ ಒಂದು ಸಂಜೆ ಸಾಕು.

ಹಳೇಹಂಚು (ಅಕ್ಟೋಬರ್ 6)

ತುಂಗಾತೀರ ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಒಂದು ಆತಂಕವನ್ನು ಹೇಳದಿರಲಾರೆ. ನಾನು ನಿವೃತ್ತ ಬ್ಯಾಂಕ್ ನೌಕರ, 2001ರಿಂದ ಸ್ವಂತ ತಾಣ ಇಟ್ಟುಕೊಂಡಿದ್ದೇನೆ. 1996ರಲ್ಲಿ ಯು. ಬಿ. ಪವನಜರು 'ವಿಶ್ವಕನ್ನಡ' ಎಂಬ ಪತ್ರಿಕೆಯನ್ನು ಜಾಲದಲ್ಲಿ ತಂದಾಗ ಕನ್ನಡವನ್ನು ಪರದೆಯ ಮೇಲೆ ಕಂಡ ಸಂತೋಷವೇ ನನ್ನನ್ನು ಈ ಕಡೆಗೆ ಎಳೆದದ್ದು. ಕಪ್ಪು ಹಿನ್ನೆಲೆ, ಹಳದಿ ಅಕ್ಷರ, ಮೇಲೆ ಓಡುವ ಸಾಲು, ಮೂಲೆಯಲ್ಲಿ ಮಿನುಗುವ ಹಣತೆ, ಇವು ನನ್ನ ತಾಣದ ಗುರುತು. ಎಲ್ಲದಕ್ಕೂ ಮಾನದಂಡ, ಅಂಕ, ತಪಾಸಣೆ ಎಂದು ಶುರುವಾದರೆ ಸ್ವಂತ ತಾಣಗಳೂ ಸರ್ಕಾರಿ ಅರ್ಜಿಯ ಹಾಗೆ ಒಂದೇ ಅಚ್ಚಿಗೆ ಬಂದುಬಿಡುತ್ತವೆಯೇ? ತಾಣವೆಂದರೆ ನನ್ನ ಮನೆಯ ಜಗಲಿ. ಯಾರು ಬೇಕಾದರೂ ಬಂದು ಕೂರಬಹುದು, ಆದರೆ ಜಗಲಿಗೆ ಯಾವ ಬಣ್ಣ ಬಳಿಯಬೇಕೆಂಬುದು ನನ್ನ ಇಷ್ಟ.

ತುಂಗಾತೀರ (ಅಕ್ಟೋಬರ್ 6)

ಹಿರಿಯರೇ, ನಿಮ್ಮ ಆತಂಕವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಿಮ್ಮ ತಾಣವನ್ನು ಗೆಳೆಯರೊಬ್ಬರ ನೆರವಿನಿಂದ ನೋಡಿಸಿದೆ. ಅಚ್ಚ ಕಪ್ಪಿನ ಮೇಲೆ ಅಚ್ಚ ಹಳದಿಯ ಹೊಳಪಿನ ಅಂತರ 19ಕ್ಕೆ 1ರಷ್ಟನ್ನು ಮೀರುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿ ಕೇಳುವುದು 4.5ಕ್ಕೆ 1. ಹೊಸ ಕಾಲದ ವಿನ್ಯಾಸಕಾರರ ಬಿಳಿಯ ಮೇಲಿನ ತಿಳಿಬೂದು ಅಕ್ಷರಗಳಿಗಿಂತ ನಿಮ್ಮ ಪುಟ ಮಂದದೃಷ್ಟಿಯವರಿಗೆ ಎಷ್ಟೋ ಮೇಲು. ಬಣ್ಣ ಹಾಗೇ ಇರಲಿ.

ಐದು ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ಓಡುವ ಸಾಲಿಗೆ ಅದನ್ನು ನಿಲ್ಲಿಸುವ ಒಂದು ಗುಂಡಿ ಇರಬೇಕೆಂಬುದಷ್ಟೇ ನಿಯಮ. ಮಿನುಗುವ ಹಣತೆಗೂ ಅದೇ ನಿಯಮ; ಜೊತೆಗೆ ಅದು ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿಂಚಬಾರದು, ಏಕೆಂದರೆ ಅದಕ್ಕಿಂತ ವೇಗದ ಮಿಂಚು ಕೆಲವರಲ್ಲಿ ಮೂರ್ಛೆರೋಗವನ್ನು ಕೆರಳಿಸಬಲ್ಲದು. ಚಲನೆ ಬೇಡವೆಂದು ತಮ್ಮ ಸಾಧನದಲ್ಲಿ ಮೊದಲೇ ಸೂಚಿಸಿರುವವರಿಗೆ ಅದು ತಾನಾಗಿಯೇ ನಿಲ್ಲುವಂತೆಯೂ ಬರೆಯಬಹುದು.

ನನಗೆ ನಿಜವಾಗಿ ದೊಡ್ಡ ಗೋಡೆಯಾಗಿರುವುದು ನಿಮ್ಮ ಹಳೆಯ ಲೇಖನಗಳು. ಅವು ಎಲ್ಲ ಯಂತ್ರಗಳೂ ಒಂದೇ ರೀತಿ ಗುರುತಿಸುವ ಯೂನಿಕೋಡ್ ಅಕ್ಷರ ವ್ಯವಸ್ಥೆಗಿಂತ ಹಿಂದಿನ ನುಡಿ ಫಾಂಟಿನಲ್ಲಿವೆ. ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ, ನನ್ನ ಯಂತ್ರ ಓದುವುದು ಆ ರಾಶಿಯನ್ನೇ. 2001ರಿಂದ 2006ರವರೆಗಿನ ನಿಮ್ಮ ಐದಾರು ವರ್ಷಗಳ ಬರಹ ನನಗೂ ಇಲ್ಲ, ಹುಡುಕುವ ಯಂತ್ರಕ್ಕೂ ಇಲ್ಲ. ನಿಮ್ಮೂರಿನ ಕೆರೆಯ ಬಗ್ಗೆ ಅಲ್ಲೊಂದು ಲೇಖನವಿದೆಯೆಂದು ಗೆಳೆಯರು ಹೇಳಿದರು. ಅದನ್ನು ಓದಲು ನನಗೆ ತುಂಬ ಆಸೆಯಿದೆ.

ಊರಾಚೆ (ಅಕ್ಟೋಬರ್ 7)

ಜಗಲಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಹಳೇಹಂಚು ಅವರು ಪ್ರೀತಿಯಿಂದಲೇ ಹೇಳಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ನಮ್ಮ ಮುತ್ತಜ್ಜ ಯಾವ ಜಗಲಿಯ ಮೇಲೂ ಕೂತವರಲ್ಲ. ಅಂಗಳದ ಅಂಚಿನಲ್ಲಿ ನಿಂತು, ಹೇಳಬೇಕಾದದ್ದನ್ನು ಹೇಳಿ, ನಿಂತ ಹಾಗೇ ಹಿಂದಿರುಗುತ್ತಿದ್ದರು. 'ಯಾರು ಬೇಕಾದರೂ' ಎಂಬ ಪದದಲ್ಲಿ ತಾನು ಸೇರಿಲ್ಲವೆಂದು ಅವರಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಈ ಚಳವಳಿಯ ಬಾಗಿಲ ಮೇಲೂ ಯಾರಿಗೂ ಪ್ರವೇಶವಿಲ್ಲವೆಂದು ಬರೆದಿಲ್ಲ. ಹಾಗಿದ್ದೂ ಒಳಗೆ ಇರುವವರಲ್ಲಿ ನಮ್ಮಂಥವರು ಏಕೆ ಕಡಿಮೆ ಎಂಬುದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ.

ನಾನು ಕಾಲೇಜು ಮುಗಿಸಿದ್ದು ಮೊಬೈಲಿನಲ್ಲಿ. ಲ್ಯಾಪ್‌ಟಾಪ್ ನೋಡಿದ್ದು ಕೆಲಸ ಸಿಕ್ಕ ಮೇಲೆ. ಸ್ವಂತ ತಾಣಕ್ಕೆ ಉತ್ತಮವೆಂದು ಬಲ್ಲವರು ಸೂಚಿಸುವ ಹ್ಯೂಗೋ, ಜೆಕಿಲ್ ಮುಂತಾದ ಸಲಕರಣೆಗಳೆಲ್ಲ ಕಮಾಂಡ್ ಬರೆಯಲು ಒಂದು ಕಂಪ್ಯೂಟರ್ ಇದೆಯೆಂದೂ ಇಂಗ್ಲಿಷಿನ ಕೈಪಿಡಿಯನ್ನು ಸಲೀಸಾಗಿ ಓದಬಲ್ಲಿರೆಂದೂ ಮೊದಲೇ ಅಂದುಕೊಂಡಿರುತ್ತವೆ. ಇಂಡಿವೆಬ್‌ನವರ ವಿಕಿಯಲ್ಲಿ ಜನರನ್ನು ತಲೆಮಾರುಗಳಾಗಿ ವಿಂಗಡಿಸಿದ ಪುಟವೊಂದಿದೆ: ಪ್ರೋಗ್ರಾಂ ಬರೆಯಬಲ್ಲವರು ಮೊದಲ ತಲೆಮಾರು, ಉಳಿದವರ ಸರದಿ ಅವರ ನಂತರ. ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಕೆಲಸದ ಅನುಕೂಲಕ್ಕೆಂದೇ ಮಾಡಿದ ವಿಂಗಡಣೆಯದು. ಆದರೂ ಸಾಲಿನ ಕೊನೆಯಲ್ಲಿ ನಿಂತು ಕಾಯುವುದು ನಮಗೆ ಹೊಸದಲ್ಲವಾದ್ದರಿಂದ ಅದನ್ನು ಓದಿದಾಗ ಮನಸ್ಸಿಗೆ ಚುಚ್ಚಿತು.

ಆದರೂ ಕಲಿತೆ, 2020ರಲ್ಲಿ ಡೊಮೈನ್ ಕೊಂಡೆ. ಗೆಳೆಯನ ಕಾರ್ಡಿನಿಂದ ಹಣ ಕಟ್ಟಿಸಿದ್ದೆ, ಪ್ರತಿವರ್ಷ ತಾನಾಗಿಯೇ ನವೀಕರಣವಾಗುತ್ತದೆಂದು ನಂಬಿದ್ದೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಜಾರಿಗೆ ಬಂದು, ಕಾರ್ಡಿನಿಂದ ನಿಯತವಾಗಿ ಹಣ ಕಡಿತವಾಗಲು ಪ್ರತ್ಯೇಕ ಅನುಮತಿಯ ನೋಂದಣಿ ಬೇಕಾಯಿತು. ವಿದೇಶಿ ಮಾರಾಟಗಾರನಿಗೆ ಆ ವ್ಯವಸ್ಥೆ ಇರಲಿಲ್ಲ, ಹಣ ಹೋಗಲಿಲ್ಲ. ಎಚ್ಚರಿಕೆಯ ಪತ್ರಗಳು ನಾನು ನೋಡದ ವಿಳಾಸಕ್ಕೆ ಬಂದು ಬಿದ್ದಿದ್ದವು. ನನಗೆ ತಿಳಿಯುವ ಹೊತ್ತಿಗೆ ನನ್ನ ಹೆಸರಿನ ಆ ವಿಳಾಸ ಬೇರೆಯವರ ಕೈಸೇರಿ, ಅಲ್ಲಿ ಜೂಜಿನ ಜಾಹೀರಾತು ನಿಂತಿತ್ತು. ನಮ್ಮ ಕೇರಿಯ ಹಾಡುಗಾರ್ತಿಯರ ಬಗ್ಗೆ ಬರೆದದ್ದಕ್ಕೆ ಯಾರು ಯಾರೋ ಕೊಟ್ಟಿದ್ದ ಕೊಂಡಿಗಳು ಇಂದಿಗೂ ಆ ಜೂಜಿನ ಪುಟಕ್ಕೇ ಹೋಗುತ್ತವೆ. ನಮ್ಮದೆಂದು ಹೇಳುವ ಡೊಮೈನು ನಿಜವಾಗಿ ವರ್ಷ ವರ್ಷ ಬಾಡಿಗೆ ಕಟ್ಟುವ ಜಾಗವೆಂಬುದನ್ನು ಹೊಸಬರಿಗೆ ಮೊದಲ ದಿನವೇ ಹೇಳಬೇಕು. ಹಲವು ವರ್ಷಗಳ ಹಣವನ್ನು ಒಟ್ಟಿಗೆ ಕಟ್ಟಲಾಗದವರು ಬೇರೆ ಸೇವೆಯೊಂದು ತನ್ನ ಹೆಸರಿನಡಿ ಕೊಡುವ ಉಚಿತ ಉಪವಿಳಾಸದಲ್ಲಿ ಬರೆದು, ಬರಹದ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಂಡರೆ ಅವರನ್ನೂ ಈ ಚಳವಳಿಯವರೆಂದೇ ಒಪ್ಪಬೇಕು.

ಕೊಂಡಿಗಳ ಬಗ್ಗೆ ಇನ್ನೊಂದು ಮಾತು. ಇಲ್ಲಿ ಯಾವ ಕಂಪನಿಯ ಗಣಿತವೂ (ಅಲ್ಗಾರಿದಮ್) ಓದುಗರನ್ನು ಹಂಚುವುದಿಲ್ಲವೆಂದು ಹೆಮ್ಮೆಪಡುತ್ತೇವೆ. ಹಂಚುವುದು ನಾವು ಅಂಚಿನಲ್ಲಿ ಹಾಕಿಕೊಳ್ಳುವ 'ನಾನು ಓದುವ ತಾಣಗಳು' ಎಂಬ ಪಟ್ಟಿ. ಆ ಪಟ್ಟಿಯಲ್ಲಿ ಬರುವುದು ಮೊದಲೇ ಪರಿಚಯವಿದ್ದವರ ಹೆಸರು, ಪರಿಚಯ ಎಲ್ಲಿಂದ ಬರುತ್ತದೆಂದು ನಮ್ಮೂರುಗಳಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ.

ಹಳೇಹಂಚು (ಅಕ್ಟೋಬರ್ 7)

ಊರಾಚೆ ಅವರೇ, ಜಗಲಿಯ ಮಾತನ್ನು ಯೋಚಿಸದೆ ಆಡಿದೆ. ನಮ್ಮ ಮನೆಯ ಜಗಲಿಯಲ್ಲೂ ಹಾಗೇ ಇತ್ತು, ನಾನು ಕಣ್ಣಾರೆ ಕಂಡಿದ್ದೇನೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿಮ್ಮ ಹಾಡುಗಾರ್ತಿಯರ ಬರಹ ಈಗ ಎಲ್ಲಿ ಸಿಗುತ್ತದೆಂದು ತಿಳಿಸಿ.

ಕಡಲತಡಿ (ಅಕ್ಟೋಬರ್ 8)

ಇಲ್ಲಿ ಇನ್ನೂ ಬರದ ಒಂದು ವಿಷಯವನ್ನು ಸೇರಿಸಲು ಇಷ್ಟಪಡುತ್ತೇನೆ. ಸ್ವಂತ ಹೆಸರು, ಸ್ವಂತ ಡೊಮೈನು, ಎಲ್ಲ ಖಾತೆಗಳನ್ನೂ ಆ ಒಂದು ವಿಳಾಸಕ್ಕೆ ಜೋಡಿಸಿ 'ಇದು ನಾನೇ' ಎಂದು ಸಾರುವುದು ಈ ಚಳವಳಿಯ ಹೆಗ್ಗುರುತು. ಹೆಂಗಸರಿಗೆ ಅದು ಯಾವಾಗಲೂ ಕ್ಷೇಮವಲ್ಲ. ನಾನು ಮೊದಲ ಡೊಮೈನ್ ಕೊಂಡದ್ದು 2014ರಲ್ಲಿ. ನೋಂದಣಿಯಲ್ಲಿ ಮನೆಯ ವಿಳಾಸ, ಫೋನ್ ಸಂಖ್ಯೆ ಕೇಳಿದರು, ನಿಜವನ್ನೇ ಬರೆದೆ. ಅದು ಯಾರು ಬೇಕಾದರೂ ತೆರೆದು ನೋಡಬಹುದಾದ ದಾಖಲೆಯಾಗುತ್ತದೆಂದು ಯಾರೂ ಹೇಳಿರಲಿಲ್ಲ. ಒಂದು ಲೇಖನ ಕೆಲವರಿಗೆ ಸೇರದೇ ಹೋದಾಗ ನಡುರಾತ್ರಿ ಫೋನ್ ಬರತೊಡಗಿತು. 2018ರ ಮೇ ತಿಂಗಳಲ್ಲಿ ಯುರೋಪಿನ ದತ್ತಾಂಶ ರಕ್ಷಣಾ ಕಾಯ್ದೆ ಜಾರಿಯಾದ ಮೇಲೆ ಹಲವು ಬಗೆಯ ಡೊಮೈನುಗಳಲ್ಲಿ ಈ ವಿವರಗಳನ್ನು ಮರೆಮಾಡತೊಡಗಿದರು. ಎಲ್ಲದರಲ್ಲೂ ಹಾಗಿಲ್ಲ, ಆದ್ದರಿಂದ ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.

2017ರ ಜನವರಿಯಲ್ಲಿ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಾದ ವೆಬ್‌ಮೆನ್ಷನ್ ಎಂಬ ವ್ಯವಸ್ಥೆಯಿಂದ, ಬೇರೆಯವರು ತಮ್ಮ ತಾಣದಲ್ಲಿ ನಮ್ಮ ಬಗ್ಗೆ ಬರೆದದ್ದು ನಮ್ಮ ತಾಣಕ್ಕೆ ತಿಳಿದು, ಬರಹದ ಕೆಳಗೆ ಉತ್ತರವಾಗಿ ಕಾಣಿಸಿಕೊಳ್ಳಬಹುದು. ಸುಂದರ ಕಲ್ಪನೆ, ನಾನೂ ಹಾಕಿಸಿಕೊಂಡಿದ್ದೇನೆ. ಆದರೆ ಅದನ್ನು ಹೊಸಬರಿಗೆ ಕಲಿಸುವಾಗ ನನ್ನ ಒಪ್ಪಿಗೆಯಿಲ್ಲದೆ ಯಾವುದೂ ನನ್ನ ಪುಟದಲ್ಲಿ ಕಾಣಬಾರದೆಂಬ ಬೀಗವನ್ನೂ ಮೊದಲ ಪಾಠದಲ್ಲೇ ಕಲಿಸಬೇಕು. ಹೆಸರು ಬದಲಿಸಿಕೊಂಡ ಟ್ರಾನ್ಸ್‌ಜೆಂಡರ್ ಗೆಳತಿಯೊಬ್ಬಳ ಹಳೆಯ ಹೆಸರು ಬೇರೆಯವರ ತಾಣಗಳ ಹಳೆಯ ಉತ್ತರಗಳಲ್ಲಿ ಇನ್ನೂ ಉಳಿದಿದೆ. ಆಕೆ ಒಬ್ಬೊಬ್ಬರಿಗೂ ಪತ್ರ ಬರೆದು ಬೇಡಿಕೊಳ್ಳಬೇಕಾಯಿತು.

ತುಂಗಾತೀರ ಸರ್, ನಿಮಗೊಂದು ಕ್ಷಮೆ ಸಲ್ಲಬೇಕು. ನನ್ನ ಕವಿತೆಗಳನ್ನು ಕದಿಯದಿರಲೆಂದು ಕಡಲಿನ ಚಿತ್ರಗಳ ಮೇಲೆ ಅಚ್ಚಿಸಿ ಹಾಕುತ್ತ ಬಂದೆ. ಕದಿಯುವವರು ಚಿತ್ರವನ್ನೇ ಕದ್ದರು. ನೀವು ಮಾತ್ರ ಹೊರಗುಳಿದಿರಿ. ಇನ್ನು ಮೇಲೆ ಚಿತ್ರದ ಕೆಳಗೆ ಪೂರ್ತಿ ಕವಿತೆ ಅಕ್ಷರರೂಪದಲ್ಲಿ ಇರುತ್ತದೆ.

ಪ್ರಶ್ನೆಯೊಂದಿದೆ (ಅಕ್ಟೋಬರ್ 8)

ನನ್ನದು ಅಡುಗೆಯ ಟಿಪ್ಪಣಿಗಳ ತಾಣ. ಒಂದೇ ಸಾಲಿನ ಸಂಕೇತ ಸೇರಿಸಿದರೆ ತಾಣವನ್ನು ತಾನಾಗಿಯೇ ಸುಗಮ್ಯಗೊಳಿಸುವ ಸೇವೆಗಳ ಜಾಹೀರಾತು ನೋಡಿದ್ದೇನೆ. ಅದನ್ನೇ ಹಾಕಿಕೊಂಡರೆ ಆಗದೇ? ಹಾಗೆಯೇ, ಸುಗಮ್ಯತೆಯ ಕಾನೂನು ನಮಗೂ ಅನ್ವಯಿಸುತ್ತದೆಯೇ?

ಬಯಲುಸೀಮೆ (ಅಕ್ಟೋಬರ್ 9)

ಆ ಸೇವೆಗಳನ್ನು ಹಾಕಿಕೊಳ್ಳಬೇಡಿ. ಅಂಥದ್ದೇ ಸೇವೆಯ ಆ್ಯಕ್ಸೆಸಿಬಿ ಎಂಬ ಕಂಪನಿ ತನ್ನ ಉತ್ಪನ್ನದ ಬಗ್ಗೆ ದಾರಿತಪ್ಪಿಸುವ ಮಾತು ಹೇಳಿತೆಂದು ಆರೋಪಿಸಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ 10 ಲಕ್ಷ ಡಾಲರ್ ಕಟ್ಟಬೇಕೆಂಬ ಆದೇಶವನ್ನು ಮುಂದಿಟ್ಟಿತು. ಚಿತ್ರದಲ್ಲಿ ಏನಿದೆಯೆಂದು ನೀವು ಬರೆಯದಿದ್ದರೆ ಹೊರಗಿನ ಸಾಲೊಂದು ಅದನ್ನು ಊಹಿಸಬಹುದಷ್ಟೇ.

ಕಾನೂನಿನ ಮಾತಿಗೆ ಬಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಆ್ಯಸಿಡ್ ದಾಳಿಗೊಳಗಾದವರು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲಾಗದೆ ಕೆವೈಸಿ ಎಂಬ ಗುರುತಿನ ಪರಿಶೀಲನೆಯಿಂದ ಹೊರಗುಳಿದ ಪ್ರಕರಣದಲ್ಲಿ, ಡಿಜಿಟಲ್ ಪ್ರವೇಶವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ನಿಮ್ಮ ಅಡುಗೆಯ ಟಿಪ್ಪಣಿಗಳನ್ನು ಹುಡುಕಿಕೊಂಡು ಯಾವ ಅಧಿಕಾರಿಯೂ ಬರುವುದಿಲ್ಲ. ಬರುವುದು ಓದುಗರು, ಅವರಲ್ಲಿ ನಮ್ಮ ಅವ್ವನೂ ಇರಬಹುದು.

ತುಂಗಾತೀರ ಸರ್ ಕೇಳಿದ ಮೊದಲ ಪ್ರಶ್ನೆಗೆ ನಾವು ಇನ್ನೂ ಉತ್ತರಿಸಿಲ್ಲವೆಂಬುದು ನನ್ನ ನೆನಪಿನಲ್ಲಿದೆ. ಓದುವ ಪುಟಕ್ಕೆ ಮಾರ್ಗಸೂಚಿ ಇರುವ ಹಾಗೆಯೇ ಬರೆಯುವ ಸಲಕರಣೆಗೂ ಡಬ್ಲ್ಯು3ಸಿಯ ಪ್ರತ್ಯೇಕ ಮಾರ್ಗಸೂಚಿಯಿದೆ. ಅದರ ಎರಡನೆಯ ಆವೃತ್ತಿ ಬಂದದ್ದು 2015ರಲ್ಲಿ, ಅದನ್ನು ಬಲ್ಲವರು ನಮ್ಮ ವೃತ್ತಿಯಲ್ಲೇ ಕಡಿಮೆ. 2018ರ ಡಿಸೆಂಬರಿನಲ್ಲಿ, ತಾಣ ಕಟ್ಟುವ ಸಲಕರಣೆಯಾದ ವರ್ಡ್‌ಪ್ರೆಸ್ ತನ್ನ ಬರಹದ ಪರದೆಯನ್ನು ಚೌಕಗಳ ವಿನ್ಯಾಸಕ್ಕೆ ಬದಲಿಸುವ ಎರಡು ತಿಂಗಳ ಮೊದಲು ಅದರ ಸುಗಮ್ಯತಾ ತಂಡವನ್ನು ಮುನ್ನಡೆಸುತ್ತಿದ್ದವರೇ ರಾಜೀನಾಮೆ ಕೊಟ್ಟು ಹೊರಬಂದರು. ಅಷ್ಟು ದೊಡ್ಡ ಬಳಗದಲ್ಲಿಯೂ ಬರೆಯುವವರ ಸುಗಮ್ಯತೆ ಕೊನೆಯಲ್ಲಿ ನೆನಪಾಗುವ ಸಂಗತಿ.

ಆದ್ದರಿಂದ ಪರದೆಯನ್ನೇ ಬಿಟ್ಟುಬಿಡುವ ದಾರಿಯೊಂದನ್ನು ಸಿದ್ಧಪಡಿಸಿದ್ದೇನೆ. ಸರ್, ನೀವು ನೋಟ್‌ಪ್ಯಾಡಿನಲ್ಲಿ ಬರೆದು, ಮೊದಲ ಸಾಲಿನಲ್ಲಿ ಶೀರ್ಷಿಕೆ ಇಟ್ಟು, ನಾನು ಕೊಡುವ ಇಮೇಲ್ ವಿಳಾಸಕ್ಕೆ ಕಳುಹಿಸಿದರೆ ಸಾಕು, ಅದು ನಿಮ್ಮ ತಾಣದಲ್ಲಿ ಪುಟವಾಗುತ್ತದೆ. ಮೊಬೈಲಿನಿಂದಲೂ ಆಗುತ್ತದಾದ್ದರಿಂದ ಊರಾಚೆ ಅವರು ಹೇಳಿದ ತೊಡಕಿಗೂ ಸ್ವಲ್ಪ ಪರಿಹಾರ ಸಿಗಬಹುದು. ಕೈಪಿಡಿಯನ್ನು ಕನ್ನಡದಲ್ಲಿ ಬರೆಯಲು ಶುರುಮಾಡಿದ್ದೇನೆ. ಅದನ್ನು ಊರಾಚೆ ಅವರು ತಿದ್ದಿಕೊಟ್ಟರೆ ನನಗೆ ಗೊತ್ತಿಲ್ಲದೆಯೇ ಅಂದುಕೊಂಡ ಸಂಗತಿಗಳು ಹೊರಬರುತ್ತವೆ.

ಹಳೇಹಂಚು (ಅಕ್ಟೋಬರ್ 12)

ಕೆರೆಯ ಲೇಖನವನ್ನು ಯೂನಿಕೋಡಿಗೆ ಪರಿವರ್ತಿಸಿ ಹಾಕಿದ್ದೇನೆ. ಪರಿವರ್ತಕ ಮೊದಲ ಸಲ ಅರ್ಕಾವತ್ತನ್ನು ಹಲವೆಡೆ ತಪ್ಪು ಜಾಗಕ್ಕೆ ಸರಿಸಿತ್ತು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತಿತ್ತು, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. 'ವರ್ಷ', 'ದುರ್ಗ', 'ಸೂರ್ಯ' ಎಲ್ಲವನ್ನೂ ಕೂತು ತಿದ್ದಿದೆ. ಓಡುವ ಸಾಲಿಗೆ ನಿಲ್ಲಿಸುವ ಗುಂಡಿ ಹಾಕಿದ್ದೇನೆ. ಇನ್ನು ನೂರಕ್ಕೂ ಹೆಚ್ಚು ಲೇಖನಗಳಿವೆ, ದಿನಕ್ಕೆ ಎರಡರಂತೆ ಮಾಡುತ್ತೇನೆ.

ತುಂಗಾತೀರ (ಅಕ್ಟೋಬರ್ 17)

ಹಿರಿಯರೇ, ಕೆರೆಯ ಲೇಖನವನ್ನು ನಿನ್ನೆ ರಾತ್ರಿ ಕೇಳಿದೆ. ಕೋಡಿ ಬಿದ್ದ ವರ್ಷ ನಿಮ್ಮ ತಂದೆಯವರು ತೂಬಿನ ಬಳಿ ರಾತ್ರಿಯೆಲ್ಲ ಕಾವಲಿದ್ದ ಭಾಗವನ್ನು ಎರಡು ಸಲ ಓದಿಸಿಕೊಂಡೆ. 'ನೀರ್ಗಂಟಿ' ಎಂಬ ಪದದಲ್ಲಿ ಒಂದು ಕಡೆ ಅರ್ಕಾವತ್ತು ಇನ್ನೂ ಜಾಗ ತಪ್ಪಿದೆ, ಮೂರನೆಯ ಪ್ಯಾರಾದಲ್ಲಿ ನೋಡಿ.

ನನ್ನ ತಾಣ ಮೊನ್ನೆಯಿಂದ ತೆರೆದಿದೆ. ಇಮೇಲಿನಿಂದ ಏಳು ಲೇಖನಗಳನ್ನು ಯಾರ ನೆರವೂ ಇಲ್ಲದೆ ನಾನೇ ಹಾಕಿದೆ, ಅದರಲ್ಲೊಂದನ್ನು ಬಸ್ಸಿನಲ್ಲಿ ಕೂತು ಮೊಬೈಲಿನಿಂದ. ಓದುವ ತಾಣಗಳ ಪಟ್ಟಿಯಲ್ಲಿ ಊರಾಚೆ ಅವರ ಹೊಸ ವಿಳಾಸ ಮೊದಲನೆಯದು, ಹಾಡುಗಾರ್ತಿಯರ ಬರಹಕ್ಕೆ ಹಿಂದೆ ಕೊಂಡಿ ಕೊಟ್ಟವರೆಲ್ಲ ಅದನ್ನು ಬದಲಿಸಿಕೊಳ್ಳಬೇಕೆಂದು ಕೋರುತ್ತೇನೆ. ಕಡಲತಡಿ ಅವರು ಹೇಳಿದಂತೆ ವೆಬ್‌ಮೆನ್ಷನ್‌ಗೆ ಒಪ್ಪಿಗೆಯ ಬೀಗ ಹಾಕಿಸಿದ್ದೇನೆ.

ಬಯಲುಸೀಮೆ ಅವರೇ, ಎರಡು ಸಣ್ಣ ಕೆಲಸ ಉಳಿದಿವೆ. ಇಮೇಲಿನ ಜೊತೆ ಚಿತ್ರ ಕಳುಹಿಸಿದರೆ ಅದಕ್ಕೆ ವಿವರಣೆ ಬರೆಯಲು ಜಾಗವಿಲ್ಲ. ಶಾಸನದ ಚಿತ್ರಗಳನ್ನು ಹಾಕಬೇಕಾಗಿರುವುದರಿಂದ ನನಗೆ ಅದು ಬೇಕು. ಮುಖಪುಟದಲ್ಲಿ ಹುಡುಕುವ ಜಾಗದ ಪಕ್ಕದ ಗುಂಡಿಗೆ ಹೆಸರು ಕೊಟ್ಟಿಲ್ಲ, ಅಲ್ಲಿಗೆ ಬಂದಾಗ ನನಗೆ ಇನ್ನೂ 'ಬಟನ್' ಎಂದಷ್ಟೇ ಕೇಳಿಸುತ್ತಿದೆ.